ಅಣ್ಣನ ಅಂಗೈ

ಮಾರ್ಚ್ ೧೪, ಗುರುವಾರ

ಬೆಲ್ಲು ಸುಳ್ಳು ಹೇಳಿರಲಿಲ್ಲ. ಅದೇ ಕೊರೆಯುತ್ತಿದೆ.

ನಾನೇ ಕೂತು ಮಾಡಿದ್ದು. ಹಳೆಯ ಇಸ್ತ್ರಿಪೆಟ್ಟಿಗೆಯಿಂದ ಬಿಚ್ಚಿದ ಲೋಹದ ಪಟ್ಟಿ, ಬಾಗಿಲಿನ ಕಾಲಿಂಗ್ ಬೆಲ್, ಒಂದು ಬ್ಯಾಟರಿ. ನಮ್ಮ ಷೆಡ್ಡಿನ ಲೇತ್ ಯಂತ್ರದ ಮೋಟಾರು ಮಿತಿಮೀರಿ ಕಾದರೆ ಪಟ್ಟಿ ಬಾಗಿ ಬೆಲ್ಲು ಹೊಡೆಯಬೇಕು. ಮಧ್ಯಾಹ್ನ ಹೊಡೆದುಕೊಂಡಿತು.

ಅಣ್ಣ ಎಂದಿನಂತೆ ಮೋಟಾರಿನ ಬೆನ್ನಿಗೆ ಅಂಗೈ ಊರಿ ಆರಾಮಾಗಿ ನಿಂತ. "ತಣ್ಣಗಿದೆಯಲ್ಲೋ! ನಿನ್ನ ಬೆಲ್ಲಿಗೆ ತಲೆ ಕೆಟ್ಟಿದೆ. ನನ್ನ ಕೈ ಇರೋವಾಗ ಇದ್ಯಾಕೆ?" ಎಂದು ವೈರು ಕಿತ್ತೆಸೆದ. ಷೆಡ್ಡಿನವರೆಲ್ಲ ನಕ್ಕರು. ನಾನೂ ಹಲ್ಲು ಕಿರಿದೆ.

ಅವನು ಅತ್ತ ಹೋದ ಮೇಲೆ ಮುಟ್ಟಿ ನೋಡಿದೆ. ಬೆರಳು ಚುರ್ರೆಂದಿತು. ಈಗ ಬೊಬ್ಬೆ ಎದ್ದು, ಪೆನ್ನು ಹಿಡಿಯುವುದೂ ಕಷ್ಟವಾಗಿದೆ.

ರಾತ್ರಿ ಒಲೆಯ ಮೇಲಿನ ಪಾತ್ರೆ ಇಳಿಸಲು ಅತ್ತಿಗೆ ಇಕ್ಕಳ ಹುಡುಕುತ್ತಿದ್ದರು. ಅಷ್ಟರಲ್ಲಿ ಅಣ್ಣ ಬರಿಗೈಲಿ ಎತ್ತಿ ಕೆಳಗಿಟ್ಟ. "ಇವರದು ಕೈಯಲ್ಲ, ಕಬ್ಬಿಣ!" ಎಂದರು ಅತ್ತಿಗೆ. ಅಣ್ಣ ನಗಲಿಲ್ಲ. ಕೆಂಪಾದ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ನಾನು ನೋಡುತ್ತಿದ್ದೇನೆಂದು ತಿಳಿದೊಡನೆ ಮುಷ್ಟಿ ಕಟ್ಟಿದ.

ಕೈಗೆ ಬಿಸಿ ತಾಕುತ್ತಿಲ್ಲವೆಂದು ಅವನಿಗೆ ಗೊತ್ತಿದೆ. ಗೊತ್ತಿದ್ದೂ ಬೆಳಿಗ್ಗೆ ಅದೇ ಕೈಯಿಂದ ಒಂದೊಂದು ಮೋಟಾರನ್ನೂ ಮುಟ್ಟಿ, "ಏನೂ ಆಗಿಲ್ಲ, ನಡೀಲಿ" ಅನ್ನುತ್ತಾನೆ.