ಗಂಬೊದೊಳಗೆ ಆಲೂಗಡ್ಡೆ

ಯೂನಿಸ್ ಊರು, ಶುಕ್ರವಾರ

ತಂಗಿ ಯುಲಾಲಿಗೆ ಅಕ್ಕನ ಮುತ್ತುಗಳು.

ಪ್ರವಾಸದ ಬಸ್ಸು ನಮ್ಮನ್ನು ಕೇಜನ್ ಜನರ ಈ ಹಳ್ಳಿಗಾಡಿನ ಊರಿನ ಒಡಿಲ್ ಎಂಬಾಕೆಯ ಅಂಗಳಕ್ಕೆ ಊಟಕ್ಕೆ ತಂದಿಳಿಸಿತು. ನಾನು ನ್ಯೂ ಆರ್ಲಿಯನ್ಸಿನ ಕ್ರಿಯೋಲ್ ಅಡುಗೆಯವಳೆಂದು ತಿಳಿದದ್ದೇ ತಡ, "ಬಾರಮ್ಮ ಪಟ್ಟಣದೋಳೇ, ಗಂಬೊ ಸಾರಿಗೆ ಎಣ್ಣೇಲಿ ಹಿಟ್ಟು ಹುರಿ ನೋಡೋಣ!" ಎಂದು ಸೌಟು ಕೈಗಿತ್ತಳು. ಬಸ್ಸಿನವರೆಲ್ಲ ಸುತ್ತ ನಿಂತರು. ಅಮ್ಮ ಕಲಿಸಿದ ಕೈಯ ಮರ್ಯಾದೆ ಉಳಿಯಬೇಕಿತ್ತು. ಹಿಟ್ಟಿಗೆ ನಮ್ಮ ಮನೆಯ ತಿಳಿಗಂದು ಬಣ್ಣ ಬಂದಾಗ ನಿಲ್ಲಿಸಿದೆ.

"ಇಷ್ಟಕ್ಕೇ ಸುಸ್ತಾದ್ಯಾ? ಇನ್ನೂ ಹಸಿ ಇದೆ!" ಎಂದಳು.

ಬಿಟ್ಟೇನೆ? ಕಾಫಿಪುಡಿಯಷ್ಟು ಕಪ್ಪಾಗುವವರೆಗೂ ತಿರುವಿದೆ. ಒಂದು ಕಣವೂ ಸೀಯಲಿಲ್ಲ. ಸಿಗಡಿ ಹಾಕಿ ಸಾರು ಕುದಿಸಿದ ಮೇಲೆ ಒಡಿಲ್ ರುಚಿ ನೋಡಿ ತಲೆದೂಗಿದಳು. ಆಮೇಲೆ ನನ್ನ ಬಟ್ಟಲಿನ ಬಿಸಿ ಸಿಗಡಿ ಗಂಬೊದೊಳಕ್ಕೆ ತಣ್ಣನೆಯ ಆಲೂಗಡ್ಡೆ ಸಲಾಡನ್ನು ಧೊಪ್ಪನೆ ಹಾಕಿಬಿಟ್ಟಳು!

"ನಮ್ಮಲ್ಲಿ ಹೀಗೆ ಮಾಡಿದ್ರೆ ಮನೆಯಿಂದ ಆಚೆ ಹಾಕ್ತಾರೆ ಕಣೇ!" ಎಂದೆ.

"ಹಾಕಿದ್ರೆ ಇಲ್ಲಿಗೇ ಬಾ. ಈಗ ತಿನ್ನು."

ತಿಂದೆ. ಎರಡನೇ ಬಟ್ಟಲಿಗೆ ಸಲಾಡನ್ನು ನಾನೇ ಹಾಕಿಕೊಂಡೆ.

ಮಂಡಿ ನೋವಿಲ್ಲ, ಮಾತ್ರೆ ತಪ್ಪಿಸಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಈಸ್ಟರ್ ಊಟಕ್ಕೆ ಗಂಬೊ ನಾನೇ ಮಾಡುತ್ತೇನೆ. ನೀನು ಆಲೂಗಡ್ಡೆ ಬೇಯಿಸಿಡು. ಯಾಕೆಂದು ಅಣ್ಣ ಕೇಳಿದರೆ ಬಾಯಿ ಬಿಡಬೇಡ.

ನಿನ್ನ ಅಕ್ಕ,
ಒರ್ಟಾನ್ಸ್