ಕೆರೆಯದೆ ಬಿಟ್ಟ ರಾಳ

ಕೆಂಚನಗುಡ್ಡ
ಮೇ ೧೯೫೦

ಸೌಭಾಗ್ಯವತಿ ಜಂಬಮ್ಮನಿಗೆ ಮಾರೆಣ್ಣ ಬರೆಯುವುದು.

ಇಲ್ಲಿ ಎಲ್ಲರೂ ಉಂಡು ಮಲಗುತ್ತಿದ್ದೇವೆ. ಈ ಪತ್ರವನ್ನು ನಿನ್ನ ಅಣ್ಣ ಓದಿ ಹೇಳುತ್ತಾನೆಂದು ಗೊತ್ತು. ಹಾಗಾಗಿ ಕೆಲಸದ ಮಾತಷ್ಟೇ ಬರೆಯುತ್ತೇನೆ.

ಮಳೆ ಹತ್ತಿರ ಬಂತೆಂದು ಹರಿಗೋಲನ್ನು ಬೋರಲು ಹಾಕಿ, ಚರ್ಮದ ಮೇಲಿನ ಹಳೆಯ ರಾಳ ಕೆರೆದು ಹೊಸದು ಬಳಿದೆ. ನೀನು ಕುರುಗೋಡಿನ ತವರಿಗೆ ಹೋದಮೇಲೆ ರಾಳ ಕಾಯಿಸುವವನೂ ನಾನೇ, ಬಳಿಯುವವನೂ ನಾನೇ. ಔಡಲೆಣ್ಣೆ ಎಷ್ಟು ಬೆರೆಸುತ್ತಿದ್ದೆ, ತಿಳಿಸು. ನಾನು ಬಳಿದದ್ದು ಬಿಸಿಲಿಗೆ ಬಿರಿಯುತ್ತದೆ. ಬಳಿದಾದ ಮೇಲೆ ನೀನು ಅಂಗೈಯಿಂದ ಸವರಿದರೆ ನುಣ್ಣಗೆ ಕೂರುತ್ತಿತ್ತು. ಹುಟ್ಟು ಹಾಕಿ ಹಾಕಿ ನನ್ನ ಕೈ ಒರಟಾಗಿದೆ, ಗೆರೆ ಬೀಳುತ್ತದೆ.

ನಿನ್ನೆ ನೀರಿಗಿಳಿಸಿದೆ. ಒಂದೇ ಕಡೆ ಸೋರುತ್ತದೆ. ಸಂತೆಗೆ ಹೊರಟ ಹೆಂಗಸರು ಸೀರೆ ಎತ್ತಿ ಹಿಡಿದು ಬೈದರು. ಅವ್ವ ದಂಡೆಯಲ್ಲಿ ನಿಂತು, "ಜಂಬಮ್ಮನ ಕೈ ಬಿದ್ದಿದ್ರ ಹಿಂಗ ಸೋರತಿದ್ದಿಲ್ಲ ನೋಡು" ಅಂದಳು. ನಿನ್ನನ್ನು ಬೈದು ಕಳಿಸಿದ ಬಾಯಿಯೇ ಹೀಗಂದಿತು. ನಾನು ನೀರು ಮೊಗೆದು ಚೆಲ್ಲಿದೆ.

ಎಲ್ಲಿ ಸೋರುತ್ತದೆಂದು ನನಗೆ ಗೊತ್ತು. ಹೋದ ವರ್ಷದ ರಾಳದಲ್ಲಿ ಒಂದು ಕಡೆ ನಿನ್ನ ಅಂಗೈ ಅಚ್ಚು ಬೆರಳುಗಳ ಸಮೇತ ಉಳಿದಿತ್ತು. ಅಷ್ಟು ಜಾಗವನ್ನು ಕೆರೆಯಲಿಲ್ಲ, ಅದರ ಮೇಲೆ ಬಳಿಯಲೂ ಇಲ್ಲ. ಈ ಮಾತನ್ನು ನಿನ್ನ ಅಣ್ಣ ಮೆಲ್ಲಗೆ ಓದಲಿ.

ಹರಿಗೋಲು ಮತ್ತೆ ದಂಡೆಯ ಮೇಲೆ ಬೋರಲು ಬಿದ್ದಿದೆ, ದಾಟುವವರು ಕಾಯುತ್ತಿದ್ದಾರೆ. ಎಣ್ಣೆಯ ಅಳತೆ ಬರೆಸಿ ಕಳಿಸು. ಆ ಅಚ್ಚನ್ನು ಕೆರೆಯುವುದಾದರೆ ಮಾತ್ರ ನೀನೇ ಬಂದು ಕೆರೆಯಬೇಕು.

ಇಂತಿ,
ಮಾರೆಣ್ಣ