ಬೀಗ ಬಿದ್ದ ರಸ್ತೆ

ಗಂಗಾವತಿ,
ಶುಕ್ರವಾರ

ಅತೀಯಾ ಆಪಾಗೆ ನಜೀಬನ ಸಲಾಂ.

ಅಬ್ಬಾನ ಕಂಪ್ಯೂಟರಿನ ಕಾರ್ ರೇಸ್ ಆಟಕ್ಕೆ ಇನ್ನೊಂದು ವರ್ಷದ ಚಂದಾ ಕಟ್ಟಲೇ ಎಂದು ಕೇಳಿದ್ದೀಯ. ಬೇಡ.

ಹೃದಯದ ಆಪರೇಷನ್ ಆಗಿ ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ಅವರು ದಿನವಿಡೀ ಕೂರುವುದು ಆ ಆಟಕ್ಕೆಂದು ನೀನು ಕೊಡಿಸಿದ ಸ್ಟಿಯರಿಂಗ್ ಮುಂದೆಯೇ. ತಾವರಗೇರಾ ರಸ್ತೆಯಲ್ಲಿ ಮಾಡುತ್ತಿದ್ದಂತೆ ಆ ರೇಸಿನಲ್ಲೂ ಹಿಂದಿನವರಿಗೆಲ್ಲ ಸೈಡ್ ಕೊಡುತ್ತಾರೆ. ಮಸೀದಿಯ ಬಾಂಗ್ ಕೇಳಿದರೆ ಬದಿಗೆ ನಿಲ್ಲಿಸುತ್ತಾರೆ. ಸದಾ ಕೊನೆಯ ಸ್ಥಾನ. "ಹೋಗ್ಲಿ ಬಿಡೋ, ಅವರಿಗೇನೋ ಅರ್ಜೆಂಟ್ ಐತಿ" ಅನ್ನುತ್ತಾರೆ.

ಹೋದ ವಾರ ಚಂದಾ ಮುಗಿಯಿತು. ಚಂದಾ ಅಲ್ಲದೆ ಬೇರೆ ದುಡ್ಡು ಕೊಟ್ಟು ಕೊಂಡಿದ್ದ ಆಟದ ಕಾರುಗಳಿಗೂ ರಸ್ತೆಗಳಿಗೂ ಬೀಗ ಬಿತ್ತು. ಕೊಂಡ ವಸ್ತುವನ್ನು ಮುಟ್ಟಲು ತಿಂಗಳು ತಿಂಗಳು ಬಾಡಿಗೆ ಕೇಳುವ ಈ ವ್ಯಾಪಾರ ನೋಡಿದರೆ ಹೇಸಿಗೆಯಾಗುತ್ತದೆ. ಅಬ್ಬಾಗೆ ಅದನ್ನು ವಿವರಿಸಲು ಹೋದೆ.

"ಟೋಲ್ ಗೇಟ್‌ನ್ಯಾಗ ನಿಂತೀವಿ, ಬಿಡ್ತಾರ ತಡಿ" ಎಂದು ಸ್ಟಿಯರಿಂಗ್ ಹಿಡಿದೇ ಕೂತರು. ಐದು ದಿನ ಹಾಗೇ ಕೂತರು.

ನಿನ್ನೆ ನಾನೇ ಒಂದು ತಿಂಗಳಿಗೆ ಕಟ್ಟಿದೆ. ಹೇಸಿಗೆ ಈಗ ನನ್ನ ಮೇಲೂ ಇದೆ. ಗೇಟ್ ತೆರೆದರು ಎಂದಷ್ಟೇ ಅವರಿಗೆ ಹೇಳಿದ್ದೇನೆ. ಫೋನ್ ಮಾಡಿದಾಗ ನೀನೂ ಹಾಗೇ ಹೇಳು.

ನಿನ್ನ ತಮ್ಮ,
ನಜೀಬ